ಮೊಟ್ಟೆ ಟ್ರೇಯೊಡನೆ ಸಾಗುವ ರೋಗ: ಕೋಳಿ ಫಾರಂ ಆರೋಗ್ಯ ಮತ್ತು ವರ್ತಕರ ಪಾಲು

ಬೇತಮಂಗಲದ ಕೆರೆಯು ಪಾಲಾರ್ ನದಿಯ ನೀರನ್ನು ಹಿಡಿದಿಟ್ಟು ಚಿನ್ನದ ಗಣಿಗಳ ಊರಿಗೆ ದಶಕಗಳ ಕಾಲ ಕುಡಿಯುವ ನೀರನ್ನು ಒದಗಿಸಿದ ಸಂಗತಿಯನ್ನು ನಮ್ಮ ಹಿರಿಯ ಸದಸ್ಯರೆಲ್ಲರೂ ಬಲ್ಲರು. 2001ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚಿದ ತರುವಾಯ ಈ ಭಾಗದ ವ್ಯಾಪಾರವು ಹೆಚ್ಚಾಗಿ ನೆಲವನ್ನೇ ನಂಬಿ ನಡೆಯುತ್ತಿದೆ. ಹಾಲು, ರೇಷ್ಮೆ, ಟೊಮೆಟೊ, ಮಾವು ಇವುಗಳ ಸಾಲಿನಲ್ಲಿ ಕೋಳಿ ಸಾಕಾಣಿಕೆಯೂ ಒಂದು. ಮಳೆಯನ್ನು ನೇರವಾಗಿ ಅವಲಂಬಿಸದ, ದಿನವೂ ನಗದು ತರುವ ಕಸುಬು ಎಂಬ ಕಾರಣಕ್ಕೆ ಬರಪೀಡಿತ ಕೋಲಾರ ಜಿಲ್ಲೆಯ ರೈತನಿಗೆ ಅದು ಒಪ್ಪುವಂಥದೇ ಆಗಿದೆ. ಆದರೆ ಮೊಟ್ಟೆಕೋಳಿ ಸಾಕುವವನ ಕೈಯಲ್ಲಿ ಎರಡು ಸಂಗತಿಗಳಿಲ್ಲ. ಮೊಟ್ಟೆಯ ದರವನ್ನು ಅವನು ನಿರ್ಧರಿಸುವುದಿಲ್ಲ. 1982ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯು ಪ್ರತಿದಿನ ಪ್ರಕಟಿಸುವ ದರವೇ ಅವನಿಗೆ ಆಧಾರ. ಜೋಳ ಮತ್ತು ಸೋಯಾ ಹಿಂಡಿಯ ಬೆಲೆಯೂ ಅವನ ಅಂಕೆಯಲ್ಲಿಲ್ಲ. ಅವನ ಅಂಕೆಯಲ್ಲಿರುವುದು ಕೋಳಿಯ ಆರೋಗ್ಯ ಒಂದೇ. ಲಾಭವೋ ನಷ್ಟವೋ ತೀರ್ಮಾನವಾಗುವುದು ಅಲ್ಲಿಯೇ.

ಅದೂ ಪೂರ್ತಿಯಾಗಿ ಅವನ ಅಂಕೆಯಲ್ಲಿ ಇದೆಯೇ ಎಂಬುದು ಈ ಲೇಖನದ ಪ್ರಶ್ನೆ. ಇದನ್ನು ಪಶುವೈದ್ಯಕೀಯ ಪತ್ರಿಕೆಯಲ್ಲಿ ಬರೆಯದೆ ವರ್ತಕರ ಮಾಸಪತ್ರಿಕೆಯಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಕೋಳಿರೋಗವು ಫಾರಂನಿಂದ ಫಾರಂಗೆ ಹೋಗುವ ದಾರಿಯು ಬಹುಪಾಲು ವ್ಯಾಪಾರದ ದಾರಿಯೇ ಆಗಿದೆ. ಆ ದಾರಿಯಲ್ಲಿ ಓಡಾಡುವವರು ನಾವು.

ರಾಣಿಖೇತ್: ಹಳೆಯ ರೋಗ, ಹೊಸ ಮುಖ

ನಮ್ಮ ಕಡೆ ಕೊಕ್ಕರೆ ರೋಗವೆಂದು ಕರೆಯಲ್ಪಡುವ ರಾಣಿಖೇತ್ ರೋಗವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿಯೂ ಕಂಡುಬಂದ ಈ ರೋಗವು ಮರುವರ್ಷವೇ ಕುಮಾವೂ ಬೆಟ್ಟಗಳ ರಾಣಿಖೇತ್‌ನಲ್ಲಿ ಕಾಣಿಸಿಕೊಂಡಿತು. ಆದ್ದರಿಂದಲೇ ಭಾರತದಲ್ಲಿ ಅದಕ್ಕೆ ಆ ಹೆಸರು. 1940ರ ದಶಕದಲ್ಲಿ ಮುಕ್ತೇಶ್ವರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ಸಿದ್ಧವಾದ ಆರ್2ಬಿ ಲಸಿಕೆಯೂ, ಅಮೆರಿಕದ ನ್ಯೂಜೆರ್ಸಿಯ ರೈತನೊಬ್ಬನ ಫಾರಂನಲ್ಲಿ ದೊರೆತ ಸೌಮ್ಯ ವೈರಾಣುವಿನಿಂದ ತಯಾರಾದ ಲಾಸೋಟಾ ಲಸಿಕೆಯೂ ಇಂದಿಗೂ ಬಳಕೆಯಲ್ಲಿವೆ. ಕರ್ನಾಟಕದಲ್ಲಿ ಲಸಿಕೆ ಮತ್ತು ರೋಗಪತ್ತೆಯ ಕೆಲಸಕ್ಕೆ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಿದೆ. 1925ರಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ ಆರಂಭವಾದ ಈ ಸಂಸ್ಥೆಗೆ ನೂರು ವರ್ಷಗಳು ತುಂಬಿವೆ. ದಕ್ಷಿಣ ವಲಯದ ರೋಗಪತ್ತೆ ಪ್ರಯೋಗಾಲಯವೂ ಇದರ ಆವರಣದಲ್ಲಿಯೇ ಇದೆ.

ಲಸಿಕೆ ಇದ್ದ ಮೇಲೆ ರೋಗವೇಕೆ ಎಂದು ಕೇಳುವುದು ಸಹಜ. ಲಸಿಕೆ ಹಾಕದ ಹಿಂಡಿಗೆ ರೋಗ ತಗುಲಿದರೆ ಕೋಳಿಗಳು ರಾಶಿರಾಶಿಯಾಗಿ ಸಾಯುತ್ತವೆ. ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಲಸಿಕೆ ಹಾಕಿದ ಮೊಟ್ಟೆಕೋಳಿಯ ಹಿಂಡಿನಲ್ಲಿ ರೋಗವು ಬೇರೆ ವೇಷದಲ್ಲಿ ಬರುತ್ತದೆ. ಸಾವು ಅಲ್ಪ. ಮೊಟ್ಟೆಯ ಸಂಖ್ಯೆ ಮಾತ್ರ ಥಟ್ಟನೆ ಕುಸಿಯುತ್ತದೆ. ಚಿಪ್ಪಿನ ಬಣ್ಣ ಮಾಸುತ್ತದೆ, ತೆಳುಚಿಪ್ಪಿನ ಹಾಗೂ ವಿಕಾರ ರೂಪದ ಮೊಟ್ಟೆಗಳು ಹೆಚ್ಚುತ್ತವೆ. ಇಂತಹ ಸಂದರ್ಭದಲ್ಲಿ ದೂರು ಮೊದಲು ಹೋಗುವುದು ಫೀಡ್ ಮಾರಿದವರ ಮೇಲೆ ಎಂಬುದನ್ನು ಆ ವ್ಯವಹಾರದಲ್ಲಿರುವ ನಮ್ಮ ಮಿತ್ರರು ನಗುತ್ತಲೇ ಒಪ್ಪಿಯಾರು.

ಹತ್ತು ಸಾವಿರ ಕೋಳಿಗಳ ಒಂದು ಫಾರಂ ಇದೆಯೆಂದಿಟ್ಟುಕೊಳ್ಳೋಣ. ಶೇಕಡಾ 92ರಂತೆ ದಿನಕ್ಕೆ 9,200 ಮೊಟ್ಟೆ ಬರುತ್ತಿದ್ದುದು ಶೇಕಡಾ 65ಕ್ಕೆ ಇಳಿದರೆ ನಿತ್ಯ 2,700 ಮೊಟ್ಟೆಗಳ ಖೋತಾ. ಚೇತರಿಸಿಕೊಳ್ಳಲು ಮೂರು ವಾರ ಹಿಡಿದರೂ ಸುಮಾರು 56,000 ಮೊಟ್ಟೆಗಳು ಕೈಬಿಟ್ಟಂತಾಯಿತು. ಕೋಳಿಯೊಂದಕ್ಕೆ 110 ಗ್ರಾಂ ಎಂದು ಹಿಡಿದರೆ ದಿನಕ್ಕೆ ಒಂದು ಟನ್ನಿಗೂ ಮೇಲ್ಪಟ್ಟ ಆಹಾರದ ಖರ್ಚು. ರೋಗ ಬಂದಾಗ ಕೋಳಿಗಳು ಮೇವನ್ನು ತುಸು ಕಡಿಮೆ ತಿಂದರೂ ಈ ಖರ್ಚು ಮೊಟ್ಟೆಯಷ್ಟು ಬೇಗ ಇಳಿಯುವುದಿಲ್ಲ. ಸಾವಿನ ಲೆಕ್ಕವನ್ನಷ್ಟೇ ಬರೆದಿಡುವ ರೈತನಿಗೆ ಈ ನಷ್ಟವು ಪುಸ್ತಕದಲ್ಲಿ ಕಾಣಿಸುವುದೇ ಇಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಅಂಶವನ್ನು ಸಂಶೋಧನೆಗಳು ಸ್ಪಷ್ಟಪಡಿಸಿವೆ. ಲಸಿಕೆಯು ಕೋಳಿಯನ್ನು ಸಾವಿನಿಂದ ಉಳಿಸುತ್ತದೆ, ಆದರೆ ಸೋಂಕನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಲಸಿಕೆ ಪಡೆದ ಕೋಳಿಯೂ ಸೋಂಕು ತಗುಲಿದಾಗ ಹಿಕ್ಕೆಯಲ್ಲಿಯೂ ಉಸಿರಿನಲ್ಲಿಯೂ ವೈರಾಣುವನ್ನು ಹೊರಹಾಕುತ್ತದೆ. ನಮ್ಮ ದೇಶದಲ್ಲಿ ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಕಂಡುಬಂದಿರುವ ವೈರಾಣುಗಳು ವಂಶವಾಹಿಯ ದೃಷ್ಟಿಯಿಂದ ಹದಿಮೂರನೆಯ ಗುಂಪಿಗೆ ಸೇರಿದವು. ಲಾಸೋಟಾ ಎರಡನೆಯ ಗುಂಪಿನದು. ಗುಂಪು ಬೇರೆಯಾದರೂ ಸರಿಯಾಗಿ ಹಾಕಿದ ಲಾಸೋಟಾ ಲಸಿಕೆಯಿಂದ ಕೋಳಿಗಳು ಬದುಕುಳಿಯುತ್ತವೆ. ಆದರೆ ಹೊರಬೀಳುವ ವೈರಾಣುವಿನ ಪ್ರಮಾಣವನ್ನು ತಗ್ಗಿಸುವುದರಲ್ಲಿ ಹಳೆಯ ಲಸಿಕೆ ಅಷ್ಟು ಸಮರ್ಥವಲ್ಲ ಎಂಬುದೇ ಹೊಸ ಲಸಿಕೆಗಳ ಹುಡುಕಾಟಕ್ಕೆ ಕಾರಣವಾಗಿದೆ. ಅಂದರೆ ನೋಡಲು ಆರೋಗ್ಯವಾಗಿರುವ ಫಾರಂನಿಂದ ಹೊರಡುವ ಟ್ರೇಯಲ್ಲಿಯೂ ರೋಗವಿರಬಹುದು.

ಲಸಿಕೆ ಹಾಕಿದ್ದು ಮತ್ತು ಲಸಿಕೆ ಹಿಡಿದದ್ದು

ಲಸಿಕೆಯ ಬಾಟಲಿಯನ್ನು ಖರೀದಿಸಿದ ರಸೀದಿಯು ರೋಗನಿರೋಧಕ ಶಕ್ತಿಗೆ ಸಾಕ್ಷಿಯಾಗಲಾರದು. ಮೊಟ್ಟೆಕೋಳಿಯ ಮರಿಗೆ ಹ್ಯಾಚರಿಯಲ್ಲಿಯೇ ಮೊದಲ ದಿನ ಮಾರೆಕ್ ಲಸಿಕೆ, ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ರಾಣಿಖೇತ್ ಹನಿ, ಎರಡನೆಯ ವಾರದ ಸುಮಾರಿಗೆ ಗುಂಬೊರೊ, ಮುಂದೆ ಸಿಡುಬು, ಎರಡು ತಿಂಗಳ ಸುಮಾರಿಗೆ ಆರ್2ಬಿ, ಮೊಟ್ಟೆಗೆ ಬರುವ ಮುನ್ನ ಎಣ್ಣೆ ಬೆರೆತ ನಿಷ್ಕ್ರಿಯ ಲಸಿಕೆ ಹೀಗೆ ಪಟ್ಟಿ ಸಾಗುತ್ತದೆ. ಪಟ್ಟಿಯನ್ನು ಪಾಲಿಸುವವರು ಬಹಳ. ಲಸಿಕೆ ಹಿಡಿಯಿತೇ ಎಂದು ಪರೀಕ್ಷಿಸುವವರು ಕಡಿಮೆ.

ಪರೀಕ್ಷೆಯು ಕಠಿಣವಾದುದೇನಲ್ಲ. ರಾಣಿಖೇತ್ ವೈರಾಣುವಿಗೆ ಕೋಳಿಯ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುವ ಗುಣವಿದೆ. ಅಂಟಿಕೊಂಡ ಕಣಗಳು ಪರೀಕ್ಷಾ ತಟ್ಟೆಯ ಗುಳಿಯಲ್ಲಿ ಬಲೆಯಂತೆ ಹರಡಿಕೊಳ್ಳುತ್ತವೆ. ಕೋಳಿಯ ರಕ್ತದ ಸೀರಂನಲ್ಲಿ ಪ್ರತಿಕಾಯಗಳಿದ್ದರೆ ಅವು ವೈರಾಣುವನ್ನು ಹಿಡಿದು ಈ ಅಂಟುವಿಕೆಯನ್ನು ತಡೆಯುತ್ತವೆ. ಆಗ ರಕ್ತಕಣಗಳು ಗುಳಿಯ ತಳಕ್ಕೆ ಜಾರಿ ಅಂಗಿಯ ಗುಂಡಿಯಂತೆ ಕಾಣುತ್ತವೆ. ಸೀರಂ ಅನ್ನು ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ಹೀಗೆ ತೆಳುವಾಗಿಸುತ್ತ ಹೋಗಿ ಎಲ್ಲಿಯವರೆಗೆ ಗುಂಡಿ ಕಾಣುತ್ತದೆ ಎಂಬುದನ್ನು ನೋಡಿದರೆ ಅದೇ ಆ ಕೋಳಿಯ ಟೈಟರ್. 1:8 ಬಂದರೆ ದುರ್ಬಲ. ಮೊಟ್ಟೆಗೆ ಬರುವ ವೇಳೆಗೆ 1:128 ಅಥವಾ ಅದಕ್ಕೂ ಮೇಲಿರುವುದನ್ನು ಸಾಮಾನ್ಯವಾಗಿ ಅಪೇಕ್ಷಿಸುತ್ತಾರೆ. ಸಾವನ್ನು ತಡೆಯಲು ಕಡಿಮೆ ಟೈಟರ್ ಸಾಕು, ಮೊಟ್ಟೆಯ ಕುಸಿತವನ್ನು ತಡೆಯಲು ಹೆಚ್ಚಿನದೇ ಬೇಕು ಎಂಬ ವ್ಯತ್ಯಾಸವನ್ನು ಗಮನದಲ್ಲಿಡಬೇಕು.

ಒಂದು ಶೆಡ್ಡಿನ ಹದಿನೈದು ಇಪ್ಪತ್ತು ಕೋಳಿಗಳ ರಕ್ತ ತೆಗೆದರೆ ಸಾಕಾಗುತ್ತದೆ. ಇಲ್ಲಿ ಸರಾಸರಿಗಿಂತ ಸಮಾನತೆ ಮುಖ್ಯ. ಹತ್ತು ಕೋಳಿಗಳಲ್ಲಿ 1:512, ಉಳಿದ ಹತ್ತರಲ್ಲಿ 1:8 ಬಂದರೆ ಸರಾಸರಿ ನೋಡಿ ಸಮಾಧಾನ ಪಡುವಂತಿಲ್ಲ. ಅರ್ಧ ಹಿಂಡಿಗೆ ಲಸಿಕೆ ತಲುಪಿಯೇ ಇಲ್ಲವೆಂದು ಅದರ ಅರ್ಥ. ಬೇತಮಂಗಲದಿಂದ ಹೆಬ್ಬಾಳಕ್ಕೆ ಸುಮಾರು ನೂರು ಕಿಲೋಮೀಟರ್. ಬೆಳಿಗ್ಗೆ ತೆಗೆದ ರಕ್ತವು ಐಸ್ ಪೆಟ್ಟಿಗೆಯಲ್ಲಿ ಮಧ್ಯಾಹ್ನದೊಳಗೆ ಪ್ರಯೋಗಾಲಯವನ್ನು ಸೇರಬಹುದು. ದೇಶದ ಅನೇಕ ಕೋಳಿ ಪ್ರದೇಶಗಳಿಗೆ ಇಲ್ಲದ ಈ ಅನುಕೂಲವನ್ನು ನಾವು ಎಷ್ಟು ಬಳಸಿಕೊಂಡಿದ್ದೇವೆ?

ಲಸಿಕೆ ಹಿಡಿಯದಿರುವುದಕ್ಕೆ ಕೋಲಾರ ಜಿಲ್ಲೆಯಲ್ಲಿ ವಿಶೇಷವಾಗಿ ನೀರನ್ನು ಗಮನಿಸಬೇಕು. ಸಾವಿರ ಅಡಿಗಳನ್ನು ದಾಟಿದ ಕೊಳವೆಬಾವಿಗಳು ಇಲ್ಲಿ ಅಪರೂಪವಲ್ಲ. ಆಳದ ನೀರಿನಲ್ಲಿ ಲವಣಾಂಶ ಹೆಚ್ಚು, ಕೆಲವೆಡೆ ಫ್ಲೋರೈಡ್ ಕೂಡ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ನೀರು ಜಿಲ್ಲೆಯ ಕೆರೆಗಳಿಗೆ ಹರಿಯಲಾರಂಭಿಸಿದ ಮೇಲೆ ಹಲವೆಡೆ ಅಂತರ್ಜಲ ಮೇಲೆದ್ದಿದೆ; ನೀರಿನ ಮೂಲ ಬದಲಾದಾಗ ಅದನ್ನು ಮತ್ತೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಕುಡಿಯುವ ನೀರಿನಲ್ಲಿ ಬೆರೆಸಿ ಕೊಡುವ ಲಸಿಕೆಯು ಜೀವಂತ ವೈರಾಣು. ರೋಗಾಣುವನ್ನು ಕೊಲ್ಲಲು ಹಾಕುವ ಕ್ಲೋರಿನ್ ಲಸಿಕೆಯನ್ನೂ ಕೊಲ್ಲುತ್ತದೆ. ಲೋಹದ ಲವಣಗಳೂ ಅದಕ್ಕೆ ಹಾನಿಕರ. ಆದ್ದರಿಂದ ಲಸಿಕೆಗೆ ಒಂದೆರಡು ದಿನ ಮೊದಲೇ ಕ್ಲೋರಿನ್ ನಿಲ್ಲಿಸುವುದು, ಲೀಟರಿಗೆ ಎರಡೂವರೆ ಗ್ರಾಂ ಕೆನೆ ತೆಗೆದ ಹಾಲಿನ ಪುಡಿಯನ್ನು ಕರಗಿಸಿ ಅರ್ಧ ಗಂಟೆಯ ಬಳಿಕ ಲಸಿಕೆ ಬೆರೆಸುವುದು, ಕೋಳಿಗಳಿಗೆ ತುಸು ಬಾಯಾರಿಸಿ ಬೆಳಗಿನ ತಂಪಿನಲ್ಲಿ ಎರಡು ಗಂಟೆಯೊಳಗೆ ಕುಡಿದು ಮುಗಿಸುವಷ್ಟು ಮಾತ್ರ ಕೊಡುವುದು ರೂಢಿಯಲ್ಲಿದೆ. ಇದಕ್ಕೂ ಮುನ್ನ ಲಸಿಕೆಯು ತಯಾರಕರಿಂದ ಅಂಗಡಿಗೆ, ಅಂಗಡಿಯಿಂದ ಫಾರಂಗೆ 2ರಿಂದ 8 ಡಿಗ್ರಿ ಶೈತ್ಯದಲ್ಲಿ ಬಂದಿರಬೇಕು. ವಿದ್ಯುತ್ ಕಡಿತದ ಮಧ್ಯಾಹ್ನದಲ್ಲಿ ಔಷಧಿ ಅಂಗಡಿಯ ಫ್ರಿಜ್ ಎಷ್ಟು ಹೊತ್ತು ನಿಂತಿತ್ತೆಂದು ಯಾವ ರೈತನೂ ಕೇಳುವುದಿಲ್ಲ. ಕೇಳಿದರೂ ಉತ್ತರ ದೊರೆಯುವುದು ಅನುಮಾನ. ಇಲ್ಲಿಂದಲೇ ವರ್ತಕರ ಪಾಲು ಆರಂಭವಾಗುತ್ತದೆ.

ವರ್ಷಕ್ಕೆ ಒಂದು ಲಕ್ಷ ಟ್ರೇ

ಮೇಲೆ ಹೇಳಿದ ಹತ್ತು ಸಾವಿರ ಕೋಳಿಗಳ ಫಾರಂಗೆ ಮರಳೋಣ. ಟ್ರೇಗೆ 30ರಂತೆ 9,200 ಮೊಟ್ಟೆಗಳಿಗೆ ದಿನಕ್ಕೆ 307 ಟ್ರೇಗಳು ಬೇಕು. ವರ್ಷಕ್ಕೆ ಒಂದು ಲಕ್ಷ ಹನ್ನೆರಡು ಸಾವಿರ. ಇವುಗಳಲ್ಲಿ ಹಲವು ಮಂಡಿಗೆ ಹೋಗಿ, ಅಲ್ಲಿ ಬೇರೆ ಫಾರಂಗಳ ಟ್ರೇಗಳೊಡನೆ ರಾಶಿಯಾಗಿ ಬಿದ್ದು, ಒಡೆದ ಮೊಟ್ಟೆಯ ಲೋಳೆಯನ್ನೂ ಹಿಕ್ಕೆಯ ಚೂರನ್ನೂ ಹೊತ್ತುಕೊಂಡು ಖಾಲಿ ಲಾರಿಯಲ್ಲಿ ಹಿಂತಿರುಗಿ ಬರುತ್ತವೆ. ತಾನು ಕಳುಹಿಸಿದ ಟ್ರೇಯೇ ತನಗೆ ಮರಳಿತೆಂದು ಹೇಳುವ ಭರವಸೆ ಯಾರಿಗೂ ಇಲ್ಲ. ಫಾರಂನ ಬಾಗಿಲಲ್ಲಿ ಸುಣ್ಣ ಹಾಕಿ, ಕಾಲು ತೊಳೆಯುವ ತೊಟ್ಟಿ ಕಟ್ಟಿ, ಹೊರಗಿನವರಿಗೆ ಪ್ರವೇಶವಿಲ್ಲವೆಂಬ ಫಲಕ ತೂಗುಹಾಕಿದವನೂ ಈ ಒಂದು ಲಕ್ಷ ಅತಿಥಿಗಳನ್ನು ಪ್ರಶ್ನಿಸದೆ ಒಳಗೆ ಬಿಟ್ಟುಕೊಳ್ಳುತ್ತಾನೆ.

ಇದು ಬರಿಯ ಊಹೆಯಲ್ಲ. 1983ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಕೋಳಿಗಳಲ್ಲಿ ಹಕ್ಕಿಜ್ವರದ ಸೌಮ್ಯ ವೈರಾಣುವೊಂದು ಏಪ್ರಿಲ್‌ನಲ್ಲಿ ಕಾಣಿಸಿಕೊಂಡು, ಫಾರಂಗಳ ನಡುವೆ ಆರು ತಿಂಗಳು ಸುತ್ತಾಡಿ ಅಕ್ಟೋಬರ್ ವೇಳೆಗೆ ಮಾರಕವಾಗಿ ಬದಲಾಯಿತು. ಅದನ್ನು ಹತೋಟಿಗೆ ತರಲು ಒಂದು ಕೋಟಿ ಎಪ್ಪತ್ತು ಲಕ್ಷ ಹಕ್ಕಿಗಳನ್ನು ನಾಶಪಡಿಸಬೇಕಾಯಿತು. ಅದು ಹರಡಿದ ಬಗೆಯನ್ನು ತನಿಖೆ ಮಾಡಿದವರು ಬೊಟ್ಟುಮಾಡಿದ್ದು ಜನರ ಓಡಾಟ, ವಾಹನಗಳು ಮತ್ತು ಮೊಟ್ಟೆ ಸಾಗಿಸುವ ಸಾಮಗ್ರಿಗಳ ಕಡೆಗೆ.

ಎಲ್ಲ ರೋಗಾಣುಗಳೂ ಒಂದೇ ಬಗೆಯವಲ್ಲ. ರಾಣಿಖೇತ್ ಮತ್ತು ಹಕ್ಕಿಜ್ವರದ ವೈರಾಣುಗಳ ಮೇಲೆ ಕೊಬ್ಬಿನ ಹೊದಿಕೆಯಿದೆ. ಸಾಬೂನು ನೀರು, ಬಿಸಿಲು, ಸಾಧಾರಣ ಕ್ರಿಮಿನಾಶಕಗಳಿಗೆ ಅವು ಸೋಲುತ್ತವೆ. ಹೊದಿಕೆಯಿಲ್ಲದ ಗುಂಬೊರೊ ವೈರಾಣು ಹಾಗಲ್ಲ. ರೋಗ ಬಂದುಹೋದ ಶೆಡ್ಡಿನಲ್ಲಿ ಅದು 122 ದಿನಗಳವರೆಗೂ, ಮೇವು ನೀರು ಹಿಕ್ಕೆಗಳಲ್ಲಿ 52 ದಿನಗಳವರೆಗೂ ಉಳಿದುದನ್ನು 1960ರ ದಶಕದಲ್ಲಿಯೇ ಪ್ರಯೋಗದಿಂದ ಕಂಡುಕೊಳ್ಳಲಾಗಿದೆ. ಆದರೂ ಎಲ್ಲಕ್ಕೂ ಅನ್ವಯಿಸುವ ಒಂದು ನಿಯಮವುಂಟು: ಕೊಳೆಯ ಮೇಲೆ ಸುರಿದ ಕ್ರಿಮಿನಾಶಕ ವ್ಯರ್ಥ. ಮೊದಲು ಉಜ್ಜಿ ತೊಳೆಯಬೇಕು, ಒಣಗಬೇಕು, ಆಮೇಲೆ ಔಷಧಿ. ಈ ದೃಷ್ಟಿಯಿಂದ ತೊಳೆಯಲು ಬರುವ ಪ್ಲಾಸ್ಟಿಕ್ ಟ್ರೇ ಒಳ್ಳೆಯದು. ಕಾಗದದ ತಿರುಳಿನ ಟ್ರೇ ಅಗ್ಗ, ಆದರೆ ಅದನ್ನು ತೊಳೆಯಲಾಗದು. ಗ್ರಾಹಕನವರೆಗೆ ಹೋಗಿ ಅಲ್ಲಿಯೇ ಮುಗಿಯಬೇಕಾದ ಅದನ್ನು ಮತ್ತೆ ಮತ್ತೆ ಫಾರಂಗೆ ತರುವ ಪದ್ಧತಿಯೇ ನಮ್ಮ ವ್ಯಾಪಾರದ ದೊಡ್ಡ ಲೋಪವೆಂದು ಈ ಲೇಖಕನ ಅಭಿಪ್ರಾಯ.

ಮೊಟ್ಟೆ ನಿಂತ ಕೋಳಿಗಳನ್ನು ಕೊಳ್ಳುವ ಗಾಡಿ ಎರಡನೆಯ ದಾರಿ. ಅದು ಒಂದು ಫಾರಂನಲ್ಲಿ ಅರ್ಧ ತುಂಬಿ ಇನ್ನೊಂದರ ಬಾಗಿಲಿಗೆ ಬರುತ್ತದೆ. ಮೊದಲನೆಯ ಫಾರಂನ ಕೋಳಿಗಳು ಆಗಲೇ ಗಾಡಿಯಲ್ಲಿರುತ್ತವೆ. ಮೂರನೆಯದು ಗೊಬ್ಬರ. ಕೋಲಾರದ ಟೊಮೆಟೊ, ಹಿಪ್ಪುನೇರಳೆ ತೋಟಗಳಲ್ಲಿ ಕೋಳಿ ಗೊಬ್ಬರಕ್ಕೆ ಬೇಡಿಕೆ ಬಲ್ಲವರೇ ಬಲ್ಲರು. ಹಸಿ ಗೊಬ್ಬರವನ್ನು ತೆರೆದ ಟ್ರಾಕ್ಟರಿನಲ್ಲಿ ಉದುರಿಸಿಕೊಂಡು ಇನ್ನೊಬ್ಬರ ಫಾರಂ ಮುಂದೆ ಸಾಗಿಸುವುದಕ್ಕೂ, ರಾಶಿ ಹಾಕಿ ಮುಚ್ಚಿ ಕಾವಿನಲ್ಲಿ ಕಳಿತ ಮೇಲೆ ಟಾರ್ಪಾಲು ಹೊದಿಸಿ ಸಾಗಿಸುವುದಕ್ಕೂ ಬಹಳ ಅಂತರವಿದೆ. ಬೇತಮಂಗಲದ ರಸ್ತೆಯು ಒಂದು ಕಡೆ ವಿ.ಕೋಟಾದತ್ತ ಆಂಧ್ರಕ್ಕೂ, ಇನ್ನೊಂದು ಕಡೆ ಕೆ.ಜಿ.ಎಫ್. ಮತ್ತು ಬಂಗಾರಪೇಟೆಗೂ ಹೋಗುತ್ತದೆ. ತಮಿಳುನಾಡಿನ ಗಡಿಯೂ ದೂರವಿಲ್ಲ. ಮೂರು ರಾಜ್ಯಗಳ ಗಾಡಿಗಳು ಸೇರುವ ಜಾಗದಲ್ಲಿ ರೋಗ ಎಲ್ಲಿಂದ ಬಂತೆಂದು ಹುಡುಕುವುದಕ್ಕಿಂತ ಗಾಡಿಯ ಚಕ್ರ ತೊಳೆಯುವುದು ಸುಲಭ.

ಹಕ್ಕಿಜ್ವರ ಬಂದರೆ

2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ದೃಢಪಟ್ಟಾಗ ರೋಗ ಕಾಲಿಡದ ರಾಜ್ಯಗಳಲ್ಲಿಯೂ ಮೊಟ್ಟೆಯ ದರ ನೆಲಕಚ್ಚಿದ್ದು ನಮ್ಮ ಸದಸ್ಯರಿಗೆ ನೆನಪಿದ್ದೀತು. 2012ರ ಅಕ್ಟೋಬರ್‌ನಲ್ಲಿ ಅದು ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯ ಟರ್ಕಿ ಕೋಳಿಗಳಲ್ಲಿಯೇ ಕಾಣಿಸಿಕೊಂಡಿತು. ರೈತರಿಗೆ ಸಾಕಾಣಿಕೆಯ ತರಬೇತಿ ನೀಡುವ ಸಂಸ್ಥೆಗೇ ಹೊಕ್ಕ ರೋಗವು ಬೇರೆ ಯಾರ ಬಾಗಿಲಿಗೆ ಹೆದರೀತು? 2020ರ ಮಾರ್ಚ್‌ನಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ, 2025ರ ಆರಂಭದಲ್ಲಿ ನೆರೆಯ ಚಿಕ್ಕಬಳ್ಳಾಪುರದಲ್ಲಿ ಅದು ಮತ್ತೆ ಬಂದಿತು.

ನಿಯಮದಂತೆ ರೋಗವು ಭೋಪಾಲದ ಉನ್ನತ ಭದ್ರತಾ ಪ್ರಯೋಗಾಲಯದಲ್ಲಿ ದೃಢಪಟ್ಟರೆ ಆ ಸ್ಥಳದ ಒಂದು ಕಿಲೋಮೀಟರ್ ಸುತ್ತಳತೆಯಲ್ಲಿರುವ ಕೋಳಿಗಳನ್ನೆಲ್ಲ ನಾಶಪಡಿಸಿ, ಹತ್ತು ಕಿಲೋಮೀಟರ್‌ವರೆಗೆ ನಿಗಾ ಇಡಲಾಗುತ್ತದೆ. ಬೇತಮಂಗಲವನ್ನು ಕೇಂದ್ರವಾಗಿಟ್ಟು ಅಂಥ ವೃತ್ತವನ್ನು ಎಳೆದರೆ ಅದು ಕೆ.ಜಿ.ಎಫ್. ನಗರದವರೆಗೂ ಚಾಚುತ್ತದೆ. ಫಾರಂ ಒಬ್ಬರದಾದರೂ ವ್ಯಾಪಾರ ನಿಲ್ಲುವುದು ಎಲ್ಲರದು. ಶಾಲಾ ಮಕ್ಕಳಿಗೆ ವಾರದಲ್ಲಿ ಆರು ದಿನ ಮೊಟ್ಟೆ ನೀಡುವ ಏರ್ಪಾಡು 2024ರಿಂದ ರಾಜ್ಯದಲ್ಲಿ ಜಾರಿಗೆ ಬಂದ ಬಳಿಕ ಸ್ಥಳೀಯ ಸರಬರಾಜು ಕಡಿದುಹೋದರೆ ಅದರ ಬಿಸಿ ತಟ್ಟುವವರ ಸಂಖ್ಯೆಯೂ ಹೆಚ್ಚಿದೆ.

ಪರಿಹಾರದ ವಿಷಯದಲ್ಲಿ ಒಂದು ಅಂಶವನ್ನು ಬಹುಮಂದಿ ಅರಿತಿಲ್ಲ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸಮಪಾಲಿನಲ್ಲಿ ಭರಿಸುವ ಪರಿಹಾರವು ಸರ್ಕಾರವು ನಾಶಪಡಿಸಿದ ಕೋಳಿ, ಮೊಟ್ಟೆ ಮತ್ತು ಮೇವಿಗೆ ಸಲ್ಲುತ್ತದೆಯೇ ಹೊರತು ರೋಗದಿಂದ ತಾನಾಗಿ ಸತ್ತ ಕೋಳಿಗಳಿಗೆ ಸಲ್ಲುವುದಿಲ್ಲ. ವರದಿ ಮಾಡಲು ತಡಮಾಡಿದಷ್ಟೂ ಪರಿಹಾರ ಕರಗುತ್ತದೆ. ಗುಟ್ಟಾಗಿ ಕೋಳಿಗಳನ್ನು ಮಾರಿ ಕೈತೊಳೆದುಕೊಳ್ಳುವವನು 2009ರ ಪ್ರಾಣಿ ರೋಗ ನಿಯಂತ್ರಣ ಕಾಯಿದೆಯ ಪ್ರಕಾರ ಅಪರಾಧಿಯಾಗುವುದರ ಜೊತೆಗೆ, ಕೊಂಡ ವರ್ತಕನ ಗಾಡಿಯನ್ನೂ ರೋಗದ ಗಾಡಿಯನ್ನಾಗಿ ಮಾಡುತ್ತಾನೆ.

ಮೊಟ್ಟೆ ಕುಸಿದೊಡನೆ ನೀರಿಗೆ ಆಂಟಿಬಯೋಟಿಕ್ ಸುರಿಯುವ ಅಭ್ಯಾಸದ ಬಗೆಗೂ ಒಂದು ಮಾತು. ವೈರಾಣು ರೋಗಕ್ಕೆ ಅದರಿಂದ ಉಪಯೋಗವಿಲ್ಲ, ಮೊಟ್ಟೆಯಲ್ಲಿ ಅದರ ಅಂಶ ಉಳಿಯುವ ಅಪಾಯವಂತೂ ಇದ್ದೇ ಇದೆ. ಕೊಲಿಸ್ಟಿನ್ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು 2019ರ ಜುಲೈನಲ್ಲಿಯೇ ಕೇಂದ್ರ ಸರ್ಕಾರ ನಿಷೇಧಿಸಿದೆ. ಅಂಗಡಿ ಇಟ್ಟಿರುವವರು ಇದನ್ನು ಮರೆಯಬಾರದು. ಕುಸಿತಕ್ಕೆ ರಾಣಿಖೇತ್ ಕಾರಣವೋ, ಶ್ವಾಸನಾಳದ ಸೋಂಕಾದ ಬ್ರಾಂಕೈಟಿಸ್ ಕಾರಣವೋ, ಸೌಮ್ಯ ಹಕ್ಕಿಜ್ವರವಾದ ಎಚ್9ಎನ್2 ಕಾರಣವೋ ಎಂಬುದನ್ನು ಹೊರಗಿನ ಲಕ್ಷಣ ನೋಡಿ ಹೇಳುವುದು ಅನುಭವಿ ವೈದ್ಯರಿಗೂ ಕಷ್ಟ. ಪ್ರಯೋಗಾಲಯವೇ ಹೇಳಬೇಕು.

ಇಷ್ಟರಲ್ಲಿ ವರ್ತಕರು ಕೈಗೊಳ್ಳಬಹುದಾದುದು ಹೆಚ್ಚು ಖರ್ಚಿನದಲ್ಲ. ಮಂಡಿಯಲ್ಲಿ ಒಂದು ತೊಳೆಯುವ ಕಟ್ಟೆ, ಎರಡು ತೊಟ್ಟಿ, ಒಂದು ಕೈಪಂಪು ಇದ್ದರೆ ಪ್ಲಾಸ್ಟಿಕ್ ಟ್ರೇಗಳು ಶುದ್ಧವಾಗಿ ಹಿಂತಿರುಗುತ್ತವೆ. ಪ್ರತಿ ಫಾರಂನ ಟ್ರೇಗೆ ಬೇರೆ ಬೇರೆ ಬಣ್ಣವನ್ನು ಗೊತ್ತುಮಾಡಿದರೆ ಅದಲು ಬದಲಾಗುವುದೂ ನಿಲ್ಲುತ್ತದೆ. ಲಾರಿಯನ್ನು ಫಾರಂನ ಒಳಕ್ಕೆ ಬಿಡದೆ ಬೇಲಿಯ ಬಳಿಯಲ್ಲಿಯೇ ಮೊಟ್ಟೆ ಹಸ್ತಾಂತರಿಸುವಂತೆ ಒಂದು ಕೋಣೆ ಕಟ್ಟಿಕೊಂಡರೆ ಚಾಲಕನಿಗೆ ಶೆಡ್ಡಿನ ಕಡೆ ಕಾಲಿಡುವ ಅಗತ್ಯವೇ ಇಲ್ಲ. ಹಳೆಯ ಕೋಳಿ ಕೊಳ್ಳುವ ಗಾಡಿ ಒಂದು ದಿನಕ್ಕೆ ಒಂದೇ ಫಾರಂಗೆ ಹೋಗಬೇಕೆಂಬ ಒಪ್ಪಂದಕ್ಕೆ ಬಾಡಿಗೆ ತುಸು ಹೆಚ್ಚು ತಗುಲೀತು. ಆ ಹೆಚ್ಚಿನ ಬಾಡಿಗೆಯನ್ನು ಕೊಳ್ಳುವವನು ಎಷ್ಟು, ಮಾರುವವನು ಎಷ್ಟು ಭರಿಸಬೇಕೆಂಬ ಮಾತುಕತೆಯು ಫಾರಂನವರನ್ನೂ ಸಾಗಣೆಯವರನ್ನೂ ಒಂದೆಡೆ ಕೂರಿಸಿ ನಡೆಯಬೇಕಾದುದು. ರೋಗ ಬರುವ ಮುನ್ನವೇ ನಡೆದರೆ ಅದಕ್ಕೆ ಒಂದು ಮಧ್ಯಾಹ್ನ ಸಾಕು.